ಇನ್ಶೂರೆನ್ಸ್ ರೂಲ್ ಮಾಡುವಲ್ಲಿ ನಮ್ಮದೂ ಒಂದು ಮಾತು ಹಾಕುದು ಹೇಗೆ

ಕಳೆದ ಮಳೆಗಾಲದಲ್ಲಿ ನನ್ನ ಸೋದರಮಾವನನ್ನು ಮಂಗಳೂರಿನ ಒಂದು ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡುವ ದಿನ, ಬೆಳಿಗ್ಗೆ ಹತ್ತಕ್ಕೆ ಡಾಕ್ಟ್ರು ಇನ್ನು ಹೋಗ್ಬಹುದು ಅಂದ್ರು, ಬಿಲ್ಲನ್ನು ಇನ್ಶೂರೆನ್ಸ್ ಕಂಪೆನಿಯೇ ನೇರ ಆಸ್ಪತ್ರೆಗೆ ಕೊಡುವ ಕ್ಯಾಶ್‌ಲೆಸ್ ಅಪ್ರೂವಲ್ ಬಂದದ್ದು ಸಂಜೆ ಏಳಕ್ಕೆ, ಅಷ್ಟರಲ್ಲಿ ಬಿಲ್ಲಿಗೆ ಇನ್ನೊಂದು ದಿನದ ರೂಮ್ ಬಾಡಿಗೆ ಸೇರಿ ಆಗಿತ್ತು. ನಾನು ಬಳಕೆದಾರರ ಕೆಲಸದಲ್ಲಿ ಸ್ವಲ್ಪ ಕೈಹಾಕುವವ ಆದ ಕಾರಣ ಇನ್ಶೂರೆನ್ಸ್ ರೆಗ್ಯುಲೇಟರ್ ಐಆರ್‌ಡಿಎಐ 2024ರ ಮೇ 29ಕ್ಕೆ ಹೊರಡಿಸಿದ ಹೆಲ್ತ್ ಇನ್ಶೂರೆನ್ಸ್ ಮಾಸ್ಟರ್ ಸರ್ಕ್ಯುಲರ್ (ನಿಯಮಗಳನ್ನು ಒಟ್ಟು ಮಾಡಿದ ಸುತ್ತೋಲೆ) ಮೊಬೈಲಲ್ಲೇ ಇತ್ತು. ಆಸ್ಪತ್ರೆಯಿಂದ ಡಿಸ್ಚಾರ್ಜ್ ರಿಕ್ವೆಸ್ಟ್ ಬಂದು ಮೂರು ಗಂಟೆಯೊಳಗೆ ಕಂಪೆನಿ ಫೈನಲ್ ಅಪ್ರೂವಲ್ ಕೊಡ್ಬೇಕು, ಅದಕ್ಕಿಂತ ತಡ ಆಗಿ ಆಸ್ಪತ್ರೆ ಹೆಚ್ಚು ದುಡ್ಡು ಹಾಕಿದ್ರೆ ಅದನ್ನು ಕಂಪೆನಿಯೇ ಕೊಡ್ಬೇಕು ಅಂತ ಅದರಲ್ಲಿ ಉಂಟು. ಪತ್ರ ಬರ್ದೆವು, ಹಣ ವಾಪಸ್ ಬಂತು.

ಆದ್ರೆ ಪಕ್ಕದ ಬೆಡ್ಡಿನ ಕಾರ್ಕಳದ ಅಜ್ಜ ಉಂಟಲ್ಲ, ಅವರದ್ದೂ ಅದೇ ಕತೆ, ಅವರ ಮಗ ಎಂತದೂ ಮಾತಾಡದೆ ಕಾರ್ಡ್ ಉಜ್ಜಿ ಹೋದ. ನಮ್ಮದು ಸರಿಯಾದದ್ದು ನಮಗೆ ಮಾತ್ರ. ಮತ್ತೆ ಕೂತು ಯೋಚನೆ ಮಾಡಿದಾಗ ರೂಲಲ್ಲೇ ಒಂದು ತೂತು ಕಂಡಿತು: ಗಡಿಯಾರ ಶುರುವಾಗುದು ಆಸ್ಪತ್ರೆಯ ರಿಕ್ವೆಸ್ಟ್ ಕಂಪೆನಿಗೆ ಸಿಕ್ಕಿದ ಹೊತ್ತಿಂದ, ಆ ಹೊತ್ತು ಯಾವುದು ಅಂತ ಪೇಶಂಟಿಗೆ ಗೊತ್ತೇ ಆಗುದಿಲ್ಲ. ಆಸ್ಪತ್ರೆಯವರು ಹನ್ನೊಂದಕ್ಕೇ ಕಳಿಸಿದ್ದೇವೆ ಅಂತಾರೆ, ಕಂಪೆನಿಯವರು ನಮಗೆ ಸಿಕ್ಕಿದ್ದು ನಾಲ್ಕಕ್ಕೆ ಅಂತಾರೆ, ನಡುವೆ ನಾವು ಕ್ಯಾಂಟೀನಲ್ಲಿ ಬನ್ಸ್ ತಿಂತಾ ಕೂತ್ಕೊಳ್ಳುದು.

ಈ ತೂತು ಮುಚ್ಚಲಿಕ್ಕೆ ಗ್ರಾಹಕ ಕೋರ್ಟಿಗೆ ಹೋಗಿ ಪ್ರಯೋಜನ ಇಲ್ಲ, ರೂಲ್ ಬರೆಯುವವರ ಹತ್ರವೇ ಹೋಗ್ಬೇಕು. ಅದು ಹೇಗೆ ಅಂತ ನನಗೆ ಗೊತ್ತಿದ್ದಷ್ಟು ಇಲ್ಲಿ ಬರೀತೇನೆ.

ಮೊದಲು ಯಾವ ಬಾಗಿಲು ಅಂತ ನೋಡ್ಕೊಳ್ಳಿ. ಹೆಲ್ತ್, ಲೈಫ್, ವೆಹಿಕಲ್, ಮನೆ ಅಂಗಡಿ ಇನ್ಶೂರೆನ್ಸ್ ಎಲ್ಲದಕ್ಕೂ ರೆಗ್ಯುಲೇಟರ್ ಹೈದರಾಬಾದಿನ ಐಆರ್‌ಡಿಎಐ, 1999ರ ಕಾಯ್ದೆಯಲ್ಲಿ ಹುಟ್ಟಿದ್ದು, ಆ ಕಾಯ್ದೆಯ 14ನೇ ಸೆಕ್ಷನ್ನಲ್ಲಿ ಪಾಲಿಸಿದಾರರ ಹಿತ ಕಾಯುದು ಅದರ ಕೆಲಸ ಅಂತಲೇ ಬರೆದುಂಟು. ನಮ್ಮೂರಲ್ಲಿ ದಿನಾ ಕೇಳುವ ಅಡಿಕೆ ಮತ್ತೆ ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆ ಮಾತ್ರ ಬೇರೆ. ಅದರ ಮಳೆ ಲೆಕ್ಕ, ಪಂಚಾಯತಿನ ಮಳೆಮಾಪಕ ಸರಿ ಉಂಟಾ ಇಲ್ವಾ, ಯಾವ ಟರ್ಮ್‌ಶೀಟ್ (ಎಷ್ಟು ಮಳೆಗೆ ಎಷ್ಟು ಪರಿಹಾರ ಅನ್ನುವ ಪಟ್ಟಿ) ಪ್ರಕಾರ ಪರಿಹಾರ, ಇದೆಲ್ಲ ಸರಕಾರದ ಸ್ಕೀಮಿನ ವಿಷಯ, ತೋಟಗಾರಿಕೆ ಇಲಾಖೆ ಮತ್ತೆ ಜಿಲ್ಲಾ ಮಟ್ಟದ ಸಮಿತಿ ಹತ್ರ ಹೋಗ್ಬೇಕು, ಫೋನಾದ್ರೆ 14447. ಪುತ್ತೂರು ಸುಳ್ಯ ಕಡೆಯ ಎಷ್ಟೋ ಜನ ಇದನ್ನು ಹೈದರಾಬಾದಿಗೆ ಬರ್ದು ಉತ್ತರ ಬರ್ಲಿಲ್ಲ ಅಂತ ಬೇಜಾರು ಮಾಡ್ತಾರೆ, ಅಡ್ರೆಸ್ಸೇ ತಪ್ಪಿದ್ರೆ ಎಂತ ಮಾಡುದು.

ಇನ್ನು ಕೇಸ್ ಒಟ್ಟು ಮಾಡುದು. ಇದೇ ದೊಡ್ಡ ಕೆಲಸ, ಇದನ್ನು ಬಿಟ್ಟು ನೇರ ಪತ್ರ ಬರೆಯುವವರೇ ಹೆಚ್ಚು. ಒಂದು ನೋಟ್‌ಬುಕ್ಕೋ ಎಕ್ಸೆಲ್ಲೋ ಮಾಡಿ, ಯಾವ ಥರದ ಪಾಲಿಸಿ, ಎಂತ ಆಯ್ತು, ತಾರೀಕು ಗಂಟೆ ಎಷ್ಟು, ಕಂಪೆನಿ ಕೊಟ್ಟ ಕಾರಣ ಅವರದ್ದೇ ಶಬ್ದದಲ್ಲಿ, ಪಾಲಿಸಿಯ ಯಾವ ಕ್ಲಾಸ್ (ಅಂದ್ರೆ ನಂಬ್ರ ಹಾಕಿದ ಷರತ್ತು, ಕಲಮು), ಇಷ್ಟು ಸಾಕು. ಹೆಸರು, ಪಾಲಿಸಿ ನಂಬ್ರ ಬೇರೆ ಕಡೆ ಇಡಿ, ಹೊರಗೆ ಹೋಗುವ ಕಾಗದದಲ್ಲಿ ಅದು ಬೇಡ. ಸಂಘದ ಮೀಟಿಂಗಲ್ಲಿ, ಹಾಲಿನ ಡೈರಿ ಹತ್ರ, ಮಲ್ಪೆ ಧಕ್ಕೆಯಲ್ಲಿ ಒಮ್ಮೆ ಕೇಳಿ ನೋಡಿ, ಹತ್ತು ಕೇಸಲ್ಲಿ ಆರು ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ರೆ ಅದು ಬರೀ ಒಬ್ಬನ ಗ್ರಹಚಾರ ಅಲ್ಲ, ರೂಲಿನದ್ದೇ ತೊಂದರೆ.

ಮತ್ತೆ ಈ ಪ್ರತಿಯೊಬ್ಬರ ಹತ್ರವೂ ಕಂಪ್ಲೇಂಟ್ ರಿಜಿಸ್ಟರ್ ಮಾಡಿಸಿ. ಕಂಪೆನಿಗೆ ಮೊದಲು ಲಿಖಿತ ದೂರು, ಅವರಿಗೆ ಹದಿನಾಲ್ಕು ದಿನ ಟೈಮ್, ಸರಿಯಾಗದಿದ್ರೆ ಐಆರ್‌ಡಿಎಐಯ ದೂರಿನ ವೆಬ್‌ಸೈಟ್ ಬಿಮಾ ಭರೋಸಾ ಪೋರ್ಟಲ್ ಅಥವಾ 155255ಕ್ಕೆ ಫೋನ್. ಕೌಂಟರಲ್ಲಿ ಜೋರು ಮಾಡಿ ಬೈದದ್ದು ಯಾವ ಲೆಕ್ಕಕ್ಕೂ ಬರುದಿಲ್ಲ ಮಾರಾಯ್ರೆ, ಟೋಕನ್ ನಂಬ್ರ ಬಿದ್ದದ್ದು ಮಾತ್ರ ಐಆರ್‌ಡಿಎಐ ವಾರ್ಷಿಕ ವರದಿಯ ಅಂಕೆಯಲ್ಲಿ ಸೇರುದು, ನಾಳೆ ನಾವು ವಾದ ಮಾಡ್ಲಿಕ್ಕೆ ಅದೇ ಅಂಕೆ ಬೇಕು. ಅದರಲ್ಲೂ ಆಗದಿದ್ರೆ ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್ (ಇಂಥ ಜಗಳ ತೀರ್ಮಾನ ಮಾಡುವ ಅಧಿಕಾರಿ), 50 ಲಕ್ಷದವರೆಗಿನ ಕ್ಲೇಮು, ಫೀಸ್ ಇಲ್ಲ, ವಕೀಲರು ಬೇಡ, ಆದ್ರೆ ಕಂಪೆನಿ ಆಗುದಿಲ್ಲ ಅಂದ ಒಂದು ವರ್ಷದೊಳಗೆ ಹಾಕ್ಬೇಕು.

ಅಂಕೆ ಸಾಲದಿದ್ರೆ ಇನ್ನೆರಡು ಕಡೆ ಉಂಟು. ಪ್ರತಿ ಕಂಪೆನಿಯೂ ತನ್ನ ವೆಬ್‌ಸೈಟಲ್ಲಿ ಪಬ್ಲಿಕ್ ಡಿಸ್‌ಕ್ಲೋಷರ್ ಅಂತ ಮೂರು ತಿಂಗಳಿಗೊಮ್ಮೆ ಫಾರ್ಮ್ ಹಾಕ್ಬೇಕು, ಅದರಲ್ಲಿ ಎಷ್ಟು ದೂರು ಬಂತು ಎಷ್ಟು ಮುಗೀತು ಅಂತ ಇರ್ತದೆ, ಲೈಫ್ ಬಿಟ್ಟು ಬೇರೆ ಇನ್ಶೂರೆನ್ಸಿನ ಜನರಲ್ ಕಂಪೆನಿಯದ್ದು ಎನ್‌ಎಲ್-45, ಲೈಫಿನವರದ್ದು ಎಲ್-41. ಯಾರೂ ತೆಗ್ದು ನೋಡುದಿಲ್ಲ, ಒಮ್ಮೆ ನೋಡಿ. ಮತ್ತೊಂದು ಐಆರ್‌ಡಿಎಐಗೆ ಆರ್‌ಟಿಐ ಅರ್ಜಿ, ಹತ್ತು ರೂಪಾಯಿ, ಆನ್‌ಲೈನಲ್ಲೇ ಹಾಕ್ಬಹುದು, 30 ದಿನದಲ್ಲಿ ಉತ್ತರ ಕೊಡ್ಬೇಕು. ಯಾಕೆ ಹೀಗೆ ಮಾಡಿದ್ದೀರಿ ಅಂತ ಕೇಳ್ಬೇಡಿ, ಅದಕ್ಕೆ ಅವರು ಉತ್ತರ ಕೊಡ್ಲಿಕ್ಕಿಲ್ಲ. ಇಂಥ ಸರ್ಕ್ಯುಲರಿನ ಇಂಥ ನಿಯಮ ಮುರಿದ ಬಗ್ಗೆ ಎಷ್ಟು ದೂರು, ಎಷ್ಟು ಕಂಪೆನಿಗೆ ದಂಡ, ಆ ಆರ್ಡರ್ ಕಾಪಿ ಕೊಡಿ, ಹೀಗೆ ದಾಖಲೆ ಕೇಳಿ.

ಈಗ ಅಸಲು ವಿಷಯ. ಹೊಸ ರೆಗ್ಯುಲೇಶನ್ ತರುವ ಮೊದಲು ಐಆರ್‌ಡಿಎಐ ಎಕ್ಸ್‌ಪೋಷರ್ ಡ್ರಾಫ್ಟ್ ಅಂತ ಕರಡನ್ನು ವೆಬ್‌ಸೈಟಿಗೆ ಹಾಕ್ತದೆ, ಯಾರು ಬೇಕಾದ್ರೂ ಅಭಿಪ್ರಾಯ ಕಳಿಸ್ಬಹುದು. ಟೈಮ್ ಹೆಚ್ಚಾಗಿ ಎರಡು ಮೂರು ವಾರ ಅಷ್ಟೇ, ಪೇಪರಲ್ಲಿ ಸುದ್ದಿ ಬರುವಾಗ ಅದರಲ್ಲಿ ಅರ್ಧ ಟೈಮ್ ಹೋಗಿರ್ತದೆ, ಅದಕ್ಕೆ ಸಂಘದಲ್ಲಿ ಒಬ್ಬರು ವಾರಕ್ಕೊಮ್ಮೆ ಸೈಟ್ ನೋಡುವ ಹಾಗೆ ಮಾಡಿ, ಸೋಮವಾರ ಬೆಳಿಗ್ಗೆ ಚಾ ಕುಡಿಯುವಾಗ ಐದು ನಿಮಿಷದ ಕೆಲಸ. ಡ್ರಾಫ್ಟಿನ ಜೊತೆ ಹೆಚ್ಚಾಗಿ ಒಂದು ಟೇಬಲ್ ಇರ್ತದೆ: ಕ್ಲಾಸ್ ನಂಬ್ರ, ಡ್ರಾಫ್ಟಲ್ಲಿ ಇದ್ದದ್ದು, ನಾವು ಹೇಳುವ ಬದಲಾವಣೆ, ಕಾರಣ. ಅದೇ ಟೇಬಲಲ್ಲಿ ಬರೀರಿ. ಕಂಪೆನಿಗಳ ಲೀಗಲ್ ಡಿಪಾರ್ಟ್‌ಮೆಂಟಿನವರು ಹಾಗೆಯೇ ಕಳಿಸುದು, ನಮ್ಮವರು ಮಾತ್ರ "ಮಾನ್ಯರೇ, ಬಡವರ ರಕ್ತ ಹೀರುವ" ಅಂತ ನಾಲ್ಕು ಪುಟ ಬರೀತಾರೆ. ಓದುವ ಆಫೀಸರಿಗೆ ಕ್ಲಾಸ್ ನಂಬ್ರ ಸಿಗದಿದ್ರೆ ಅದನ್ನು ಎಲ್ಲಿ ಸೇರಿಸುದು ಹೇಳಿ? ನಾನೂ ಮೊದಲ ಸಲ ಹಾಗೆಯೇ ಬರ್ದವ, ಸಿಟ್ಟಿತ್ತು, ಕ್ಲಾಸ್ ಇರ್ಲಿಲ್ಲ.

ನಮ್ಮ ಡಿಸ್ಚಾರ್ಜ್ ವಿಷಯವನ್ನೇ ತಗೊಳ್ಳಿ. "ಕ್ಯಾಶ್‌ಲೆಸ್ ತಡ ಆಗ್ತದೆ, ಸರಿ ಮಾಡಿ" ಅಂತ ಬರೆದ್ರೆ ಮೂರು ಗಂಟೆಯ ರೂಲ್ ಈಗಾಗಲೇ ಉಂಟು ಅಂತ ಮುಗಿಸ್ತಾರೆ. ಅದರ ಬದಲು ನಾನು ಬರೆದಿಟ್ಟದ್ದು ಹೀಗೆ: ಮೂರು ಗಂಟೆ ಹೇಳುವ ಕ್ಲಾಸಿನ ಕೊನೆಗೆ ಈ ಸಾಲು ಸೇರಿಸಿ, ಆಸ್ಪತ್ರೆಯ ರಿಕ್ವೆಸ್ಟ್ ಸಿಕ್ಕಿದ ಕೂಡಲೇ ಸಿಕ್ಕಿದ ಗಂಟೆ ನಮೂದಿಸಿ ಪಾಲಿಸಿದಾರರ ಮೊಬೈಲಿಗೆ ಕಂಪೆನಿ ಮೆಸೇಜ್ ಕಳಿಸತಕ್ಕದ್ದು. ಕಾರಣದ ಕಾಲಂನಲ್ಲಿ ನಾಲ್ಕೇ ವಾಕ್ಯ, ಕೇಸುಗಳು ಎಷ್ಟು, ಎಷ್ಟು ಗಂಟೆ ತಡ, ಗಂಟೆ ಗೊತ್ತಿಲ್ಲದೆ ಹಣ ಕೇಳ್ಲಿಕ್ಕೆ ಆಗದವರು ಎಷ್ಟು ಜನ. ಕಂಪೆನಿಗೆ ಇದರ ಖರ್ಚು ಒಂದು ಮೆಸೇಜಿನದ್ದು ಅಂತಲೂ ಹಾಕಿದ್ದೇನೆ, ಆಗುದಿಲ್ಲ ಅಂತ ಹೇಳ್ಲಿಕ್ಕೆ ಅವರಿಗೂ ಕಷ್ಟ ಆಗ್ಬೇಕಲ್ಲ.

ಇನ್ನೊಂದು ಇದೇ ಥರದ್ದು, ಪಾಲಿಸಿ ಜೊತೆ ಕೊಡುವ ಕಸ್ಟಮರ್ ಇನ್ಫಾರ್ಮೇಶನ್ ಶೀಟ್ (ಪಾಲಿಸಿಯ ಮುಖ್ಯ ವಿಷಯ ಚಿಕ್ಕದಾಗಿ ಬರೆದ ಕಾಗದ) ಕೇಳಿದ್ರೆ ಸ್ಥಳೀಯ ಭಾಷೆಯಲ್ಲಿ ಕೊಡ್ಬೇಕು ಅಂತ ಉಂಟು. ಕೇಳಿದ್ರೆ ತಾನೆ, ಕೇಳ್ಬಹುದು ಅಂತ ಯಾರಿಗೆ ಗೊತ್ತುಂಟು? ಪಾಲಿಸಿ ತಗೊಳ್ಳುವಾಗ ತುಂಬುವ ಪ್ರಪೋಸಲ್ ಫಾರ್ಮಲ್ಲೇ ಭಾಷೆಗೆ ಒಂದು ಟಿಕ್ ಬಾಕ್ಸ್ ಹಾಕಿ ಅಂತ ಬರೆದ್ರೆ ಅದೂ ಒಂದೇ ಸಾಲಿನ ತಿದ್ದುಪಡಿ. ಡ್ರಾಫ್ಟಲ್ಲಿ ಒಳ್ಳೇದು ಇದ್ರೆ ಅದನ್ನೂ ಹೇಳಿ ಆಯ್ತಾ, ಇದು ಬೇಕು ಇಡಿ ಅಂತ. ನಾವು ಸುಮ್ಮನಿದ್ದು ಕಂಪೆನಿಯವರು ಮಾತ್ರ ಬೇಡ ಅಂದ್ರೆ ಫೈಲಲ್ಲಿ ಬೇಡ ಅಂದದ್ದು ಮಾತ್ರ ಇರ್ತದೆ.

ಒಬ್ಬೊಬ್ಬರೇ ಕಳಿಸುದಕ್ಕಿಂತ ಸಂಘದ ಲೆಟರ್‌ಹೆಡ್ಡಲ್ಲಿ ಕಳಿಸಿದ್ರೆ ತೂಕ ಹೆಚ್ಚು. ಉಡುಪಿ ಕಡೆ ಬಳಕೆದಾರರ ಚಳವಳಿ ಹಳೇದು, ಡಾ. ರವೀಂದ್ರನಾಥ ಶಾನುಭಾಗರ ಕೆಲಸ ಎಲ್ಲರಿಗೂ ಗೊತ್ತುಂಟು, ಹೊಸ ಸಂಘ ಕಟ್ಟುವ ಮೊದಲು ಇದ್ದ ವೇದಿಕೆಯವರ ಹತ್ರ ಹೋಗಿ ಮಾತಾಡಿ. ಮಾನ್ಯತೆ ಪಡೆದ ಬಳಕೆದಾರರ ಸಂಘಕ್ಕೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ತಾನೇ ದೂರು ಹಾಕುವ ಹಕ್ಕೂ ಉಂಟು. ಮತ್ತೆ ಐಆರ್‌ಡಿಎಐ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಒಂದು ಇನ್ಶೂರೆನ್ಸ್ ಅಡ್ವೈಸರಿ ಕಮಿಟಿ ಇರ್ತದೆ, 25 ಜನ ಮೀರದ ಹಾಗೆ, ಅದರಲ್ಲಿ ವ್ಯಾಪಾರ, ಕೃಷಿ, ಏಜೆಂಟರ ಜೊತೆ ಬಳಕೆದಾರರ ವೇದಿಕೆಗಳ ಪ್ರತಿನಿಧಿಗೂ ಜಾಗ ಉಂಟು, ರೆಗ್ಯುಲೇಶನ್ ಮಾಡುದೇ ಆ ಕಮಿಟಿಯನ್ನು ಕೇಳಿ. ನಮ್ಮ ಟೇಬಲಿನ ಒಂದು ಕಾಪಿ ಆ ಪ್ರತಿನಿಧಿಗಳಿಗೂ ಹೋಗ್ಲಿ. ಅಮೇರಿಕದಲ್ಲಿ ರಾಜ್ಯಕ್ಕೊಬ್ಬ ಇನ್ಶೂರೆನ್ಸ್ ರೆಗ್ಯುಲೇಟರ್, ಅವರದ್ದೊಂದು ಒಕ್ಕೂಟ ಎನ್‌ಎಐಸಿ, ಅದು ಬಳಕೆದಾರರ ಪ್ರತಿನಿಧಿಗಳನ್ನು ಆರಿಸಿ ಮೀಟಿಂಗಿಗೆ ಬರುವ ಖರ್ಚಿಗೂ ಸಹಾಯ ಮಾಡ್ತದೆ. ನಾವು ನಮ್ಮದೇ ಡಾಟಾ ಪ್ಯಾಕಲ್ಲಿ ಪಿಡಿಎಫ್ ಇಳಿಸುದು, ಇರ್ಲಿ.

ಕಳಿಸಿ ಆದ ಮೇಲೆ ಮರೀಬೇಡಿ. ಫೈನಲ್ ರೆಗ್ಯುಲೇಶನ್ ಗೆಜೆಟಲ್ಲಿ ಬಂದಾಗ ಡ್ರಾಫ್ಟನ್ನೂ ಅದನ್ನೂ ಅಕ್ಕಪಕ್ಕ ಇಟ್ಟು ನಮ್ಮ ಸಾಲು ಸೇರಿದೆಯಾ ನೋಡಿ. ಇಲ್ಲದಿದ್ರೆ ಬಾಗಿಲು ಹಾಕಿಲ್ಲ, ಈ ರೆಗ್ಯುಲೇಶನ್‌ಗಳನ್ನು ಐಆರ್‌ಡಿಎಐ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸಂಸತ್ತಿನ ಎರಡೂ ಸದನದ ಮುಂದೆ ಒಟ್ಟು 30 ದಿನ ಇಡ್ಬೇಕು, ಸದನ ಬೇಕಿದ್ರೆ ಬದಲಾವಣೆ ಹೇಳ್ಬಹುದು. ಅಧೀನ ಶಾಸನ ಸಮಿತಿ ಅಂತ ಎರಡೂ ಸದನದಲ್ಲಿ ಉಂಟು, ಇಂಥ ನಿಯಮಗಳನ್ನು ನೋಡುದೇ ಅವರ ಕೆಲಸ. ನಮ್ಮ ಎಂಪಿ ಆಫೀಸಿಗೆ ಕನ್ನಡದಲ್ಲೇ ಒಂದು ಪುಟ, ಅದರ ಹಿಂದೆ ಅದೇ ಟೇಬಲ್, ಕೇಸುಗಳ ಪಟ್ಟಿ. ಎರಡನೇ ಪುಟಕ್ಕೆ ಹೋಗ್ಬೇಡಿ, ಮತ್ತೆ ಕೊಟ್ಟದ್ದಕ್ಕೆ ಸೀಲು ಹಾಕಿಸಿ ತರ್ಲಿಕ್ಕೆ ಮರೀಬೇಡಿ.