ಸರೌಂಡ್ ಸ್ಪೀಕರ್ ಎಲ್ಲಿಡಬೇಕು? ಮೊದಲು ಸೋಫಾ ನೋಡಿ

ಹೋಮ್ ಥಿಯೇಟರ್ ಕೊಳ್ಳಲು ಹೋದವರು ಮೊದಲು ಕೇಳುವುದು ‘ಎಷ್ಟು ವ್ಯಾಟ್?’ ಅಂತ. ಪಕ್ಕದಿಂದ, ಹಿಂದಿನಿಂದ ಸದ್ದು ಕೇಳಿಸುವ ಸರೌಂಡ್ ಸ್ಪೀಕರ್ ಮಟ್ಟಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ನೀವು ಎಲ್ಲಿ ಕೂತು ಸಿನಿಮಾ ನೋಡುತ್ತೀರಿ? ಸಾಧಾರಣ ಜೋಡಿಯಾದರೂ ಸರಿಯಾದ ಜಾಗದಲ್ಲಿದ್ದರೆ ತೆರೆಯ ಮೇಲಿನ ಮಳೆ ನಿಮ್ಮ ಸುತ್ತಲೂ ಸುರಿಯುತ್ತದೆ. ದುಬಾರಿ ಜೋಡಿಯನ್ನು ಟಿವಿಯ ಅಕ್ಕಪಕ್ಕವೇ ಇಟ್ಟರೆ ಕೊಟ್ಟ ದುಡ್ಡು ದಂಡ. ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಅಳತೆ ಟೇಪ್ ಹಿಡಿದು ಹಾಲ್‌ಗೆ ಹೋಗಿ.

5.1 ಸಾಕಾ, 7.1 ಬೇಕಾ?

5.1 ಅಂದರೆ ಮುಂದೆ ಮೂರು ಸ್ಪೀಕರ್, ಪಕ್ಕದಲ್ಲಿ ಎರಡು ಸರೌಂಡ್, ದಪ್ಪ ಸದ್ದಿಗೆ ಒಂದು ಸಬ್‌ವೂಫರ್. 7.1ರಲ್ಲಿ ಬೆನ್ನ ಹಿಂದೆ ಇನ್ನೆರಡು ಸೇರುತ್ತವೆ. ಆ ಎರಡಕ್ಕೆ ಸೋಫಾದ ಹಿಂದೆ ಮೂರು ನಾಲ್ಕು ಅಡಿಯಾದರೂ ಖಾಲಿ ಜಾಗ ಬೇಕು. ನಮ್ಮ ಫ್ಲಾಟ್‌ಗಳಲ್ಲಿ ಸೋಫಾ ಗೋಡೆಗೆ ಅಂಟಿಕೊಂಡೇ ಇರುತ್ತದೆ ಅಲ್ವಾ? ಹಾಗಿದ್ದರೆ 7.1 ಮರೆತುಬಿಡಿ. ಉಳಿದ ದುಡ್ಡನ್ನು ಒಳ್ಳೆಯ ಸೆಂಟರ್ ಸ್ಪೀಕರ್‌ಗೆ, ಅಂದರೆ ಮುಂದಿನ ಮೂರರಲ್ಲಿ ನಡುವಿನದಕ್ಕೆ ಹಾಕಿ. ಮಾತೆಲ್ಲ ಹೆಚ್ಚಾಗಿ ಬರುವುದು ಅದರಿಂದಲೇ.

ಸರೌಂಡ್‌ಗೆ ದೊಡ್ಡ ಟವರ್ ಸ್ಪೀಕರ್ ಬೇಕಿಲ್ಲ. ಎಲ್ಲ ಸ್ಪೀಕರ್‌ಗಳಿಗೂ ಸದ್ದು ಹಂಚುವ ಪೆಟ್ಟಿಗೆಯೇ ರಿಸೀವರ್. ಅದರಲ್ಲಿ ಕ್ರಾಸ್‌ಓವರ್ ಅನ್ನು, ಅಂದರೆ ಸದ್ದನ್ನು ಪಾಲು ಮಾಡುವ ಗಡಿಯನ್ನು, 80 ಹರ್ಟ್ಸ್‌ಗೆ ಇಟ್ಟರೆ ಅದಕ್ಕಿಂತ ಕೆಳಗಿನ ದಪ್ಪ ಸದ್ದು ಸಬ್‌ವೂಫರ್‌ಗೆ ಹೋಗುತ್ತದೆ. ಉಳಿದಿದ್ದಕ್ಕೆ ಚಿಕ್ಕ ಬುಕ್‌ಶೆಲ್ಫ್ ಸ್ಪೀಕರ್ ಧಾರಾಳವಾಯಿತು. ಮುಂದಿನ ಸ್ಪೀಕರ್‌ಗಳದ್ದೇ ಕಂಪನಿ, ಅದೇ ಸರಣಿ ಸಿಕ್ಕರೆ ಉತ್ತಮ. ಮುಂದಿನಿಂದ ಹಿಂದಕ್ಕೆ ಓಡುವ ಬೈಕಿನ ಸದ್ದು ಆಗ ನಡುದಾರಿಯಲ್ಲಿ ಬದಲಾಗುವುದಿಲ್ಲ. ಬಜೆಟ್ ಸಾಲದಿದ್ದರೆ ಸರೌಂಡ್‌ನಲ್ಲಿ ರಾಜಿಯಾಗಬಹುದು, ಸೆಂಟರ್‌ನಲ್ಲಿ ಮಾತ್ರ ಬೇಡ. ರಿಸೀವರ್ ಹಿಂಭಾಗದಲ್ಲಿ ಕನಿಷ್ಠ 6 ಓಮ್ (ಸ್ಪೀಕರ್ ಒಡ್ಡುವ ವಿದ್ಯುತ್ ತಡೆಯ ಅಳತೆ) ಎಂದು ಬರೆದಿದ್ದರೆ 4 ಓಮ್ ಸ್ಪೀಕರ್ ತರಬೇಡಿ.

ವೈರ್‌ಲೆಸ್ ಸರೌಂಡ್ ತರುವ ಯೋಚನೆ ಇದೆಯಾ? ಅವುಗಳಲ್ಲಿ ಹೆಚ್ಚಿನವಕ್ಕೂ ಕರೆಂಟ್ ಬೇಕು. ಸೋಫಾದ ಎರಡೂ ಕಡೆ ಪ್ಲಗ್ ಪಾಯಿಂಟ್ ಇದೆಯೇ ನೋಡಿಕೊಳ್ಳಿ.

ಜಾಗ ಗುರುತು ಮಾಡುವುದು

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ 5.1ರ ಸರೌಂಡ್‌ಗಳು 100ರಿಂದ 120 ಡಿಗ್ರಿ ನಡುವೆ ಇರಬೇಕು. ನಿಮ್ಮ ಮೂಗಿನ ನೇರಕ್ಕಿರುವ ಟಿವಿ ಸೊನ್ನೆ ಡಿಗ್ರಿ, ಕಿವಿಯ ನೇರಕ್ಕಿರುವ ಗೋಡೆ 90 ಡಿಗ್ರಿ. ಅಂದರೆ ಸ್ಪೀಕರ್ ಕಿವಿಯ ನೇರಕ್ಕಿಂತ ತುಸು ಹಿಂದಿರಬೇಕು.

ಕೋನಮಾಪಕ ಬೇಕಿಲ್ಲ. ಸೋಫಾದ ನಡುವೆ ಕೂತು, ಕಿವಿಯ ನೇರಕ್ಕೆ ಪಕ್ಕದ ಗೋಡೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಲು ಯಾರಿಗಾದರೂ ಹೇಳಿ. ಈಗ ನಿಮ್ಮಿಂದ ಆ ಟೇಪ್‌ಗೆ ಎಷ್ಟು ದೂರ ಅಂತ ಅಳೆಯಿರಿ. ಪ್ರತಿ 3 ಅಡಿಗೆ 1 ಅಡಿ ಹಿಂದಕ್ಕೆ ಹೋಗಿ. ಹಾಲ್ 12 ಅಡಿ ಅಗಲವಿದ್ದು ನೀವು ಮಧ್ಯದಲ್ಲಿ ಕೂತರೆ ಗೋಡೆ 6 ಅಡಿ ದೂರ. ಹಾಗಾದರೆ ಟೇಪ್‌ನಿಂದ 2 ಅಡಿ ಹಿಂದೆ ಇನ್ನೊಂದು ಗುರುತು. ಅದು ಸುಮಾರು 108 ಡಿಗ್ರಿ. ಇನ್ನೊಂದು ಪಕ್ಕದ ಗೋಡೆಗೂ ಹೀಗೇ ಮಾಡಿ.

ಎತ್ತರ ಎಷ್ಟು? ಸೋಫಾದಲ್ಲಿ ಕೂತಾಗ ಕಿವಿ ನೆಲದಿಂದ ಹೆಚ್ಚುಕಡಿಮೆ ಮೂರೂವರೆ ಅಡಿಯಲ್ಲಿರುತ್ತದೆ. ಸ್ಪೀಕರ್ ಅದಕ್ಕಿಂತ ಒಂದೆರಡು ಅಡಿ ಮೇಲಿರಲಿ. ಆಗ ಪಕ್ಕದಲ್ಲಿ ಕೂತವರ ತಲೆ ಅಡ್ಡ ಬರುವುದಿಲ್ಲ. ಛಾವಣಿಯ ಮೂಲೆಗೆ ಏರಿಸಿ ಕೆಳಕ್ಕೆ ಬಗ್ಗಿಸುವ ಪದ್ಧತಿ ನಮ್ಮಲ್ಲಿ ಜಾಸ್ತಿ. ದಯವಿಟ್ಟು ಅದು ಬೇಡ. ಪಕ್ಕದಲ್ಲಿ ನಡೆಯಬೇಕಾದ ಹೆಜ್ಜೆ ಸಪ್ಪಳ ತಲೆಯ ಮೇಲೆ ಕೇಳಿಸುತ್ತದೆ. ತಲೆಯ ಮೇಲಿನಿಂದಲೂ ಸದ್ದು ಕೇಳಿಸುವ ಡಾಲ್ಬಿ ಅಟ್ಮಾಸ್‌ಗಾಗಿ ಛಾವಣಿಯಲ್ಲಿ ಸ್ಪೀಕರ್ ಹಾಕಿಸುವವರಂತೂ ಸರೌಂಡ್ ಅನ್ನು ಕಿವಿಯ ಮಟ್ಟದ ಹತ್ತಿರಕ್ಕೇ ಇಳಿಸಬೇಕು. ಇಲ್ಲದಿದ್ದರೆ ಮೇಲಿನದ್ಯಾವುದು, ಪಕ್ಕದ್ದು ಯಾವುದು ಗೊತ್ತೇ ಆಗುವುದಿಲ್ಲ.

ಸೋಫಾ ಗೋಡೆಗೆ ಅಂಟಿದೆಯೇ? ಒಂದೂವರೆ, ಎರಡು ಅಡಿ ಮುಂದಕ್ಕೆ ಎಳೆದು ನೋಡಿ. ಗೋಡೆಯ ಹತ್ತಿರ ಗುಂಯ್‌ಗುಟ್ಟುವ ಬಾಸ್ ಕೂಡ ತಗ್ಗುತ್ತದೆ. ಆಗಲ್ಲ ಅಂದರೆ ಪಕ್ಕದ ಗೋಡೆಯಲ್ಲೇ ಕಿವಿಯ ನೇರಕ್ಕೆ ಸ್ವಲ್ಪ ಮೇಲೆ ಹಾಕಿ. ತಲೆಯ ಹಿಂದೆ ಒಂದಡಿ ದೂರದಲ್ಲಿ ಮಾತ್ರ ಬೇಡವೇ ಬೇಡ, ಕಿರಿಕಿರಿಯಾಗುತ್ತದೆ.

ಒಂದು ಕಡೆ ಗೋಡೆಯೇ ಇಲ್ಲದೆ ಡೈನಿಂಗ್‌ಗೆ ತೆರೆದುಕೊಂಡ ಹಾಲ್‌ಗಳೂ ಇವೆ. ಅಲ್ಲಿ ಎರಡಕ್ಕೂ ಸ್ಟ್ಯಾಂಡ್ ತನ್ನಿ. ಒಂದನ್ನು ಗೋಡೆಗೆ ಹೊಡೆದು, ಇನ್ನೊಂದನ್ನು ಸಿಕ್ಕಿದ ಕಡೆ ಇಡಬೇಡಿ. ದೂರ ಹೆಚ್ಚುಕಡಿಮೆಯಾದರೆ ರಿಸೀವರ್ ಸರಿಮಾಡುತ್ತದೆ. ಸದ್ದು ಒಂದು ಅಡಿ ಸಾಗಲು ಸುಮಾರು 1 ಮಿಲಿಸೆಕೆಂಡ್ ಬೇಕು, ಆ ಲೆಕ್ಕದಲ್ಲಿ ಹತ್ತಿರದ ಸ್ಪೀಕರನ್ನು ಅದು ತಡಮಾಡಿ ನುಡಿಸುತ್ತದೆ. ಆದರೆ ಸ್ಪೀಕರ್ ಯಾವ ದಿಕ್ಕಿನಲ್ಲಿದೆ ಅನ್ನುವುದನ್ನು ಅದು ಬದಲಿಸಲಾರದು. ದಿಕ್ಕು ಸರಿಮಾಡುವ ಕೆಲಸ ನಿಮ್ಮದೇ.

ವೈರ್

ಸಾಮಾನ್ಯ ಹಾಲ್‌ಗೆ 16 ಗೇಜ್ ತಾಮ್ರದ ವೈರ್ ಸಾಕು. ತಾಮ್ರದ ಬಣ್ಣ ಕಂಡ ಮಾತ್ರಕ್ಕೆ ಅದು ತಾಮ್ರವಾಗಬೇಕಿಲ್ಲ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಕೆಂಪು ಹೋಗಿ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ. ರಿಸೀವರ್‌ನ ಕೆಂಪು ಸ್ಪೀಕರ್‌ನ ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಬೇಕು. ಒಂದರಲ್ಲಿ ಅದಲುಬದಲಾದರೆ ಸದ್ದು ಟೊಳ್ಳಾಗಿ, ದಿಕ್ಕಿಲ್ಲದಂತೆ ಕೇಳುತ್ತದೆ. ಹೊಸ ಮನೆ ಕಟ್ಟಿಸುವವರು ಪ್ಲಾಸ್ಟರಿಂಗ್‌ಗೆ ಮುಂಚೆಯೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಸ್ಪೀಕರ್‌ಗೆ ಬೇರೆ ಪೈಪ್ ಹಾಕಿಸಿ. ಕರೆಂಟ್ ವೈರ್ ಇರುವ ಪೈಪ್‌ನಲ್ಲಿ ತೂರಿಸುವುದು ಬೇಡ.

ಕೊನೆಗೆ ಮೈಕ್

ಹೆಚ್ಚಿನ ರಿಸೀವರ್‌ಗಳ ಜೊತೆ ಪ್ರತಿ ಸ್ಪೀಕರ್‌ನ ದೂರ, ಸದ್ದು ಅಳೆಯುವ ಮೈಕ್ ಬರುತ್ತದೆ. ಅದನ್ನು ಕುಶನ್ ಮೇಲೆ ಎಸೆಯಬೇಡಿ. ಟ್ರೈಪಾಡ್ ಮೇಲೆ, ನಿಮ್ಮ ಕಿವಿ ಇರುವ ಜಾಗದಲ್ಲೇ ನಿಲ್ಲಿಸಿ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಆಮೇಲೆ ಅಳತೆ ಶುರುಮಾಡಿ. ಮುಗಿದ ಮೇಲೆ ಸೋಫಾದ ತುದಿಯಲ್ಲೂ ಕೂತು ಕೇಳಿ. ಹತ್ತಿರದ ಸರೌಂಡ್ ಒಂದೇ ಮುಂದಾಗಿ ಕೇಳಿದರೆ 1 ಅಥವಾ 2 ಡೆಸಿಬೆಲ್ ತಗ್ಗಿಸಿ.

ಬರೀ ಮಾತಿನ ದೃಶ್ಯದಲ್ಲಿ ಸರೌಂಡ್ ಸುಮ್ನೆ ಕೂತರೆ ಗಾಬರಿ ಬೇಡ, ಅಲ್ಲಿ ಅದಕ್ಕೆ ಕೆಲಸವಿಲ್ಲ. ಇಡೀ ಸಿನಿಮಾ ಸುಮ್ಮನಿದ್ದರೆ ಮಾತ್ರ ಟಿವಿಯ ಆಡಿಯೊ ಸೆಟ್ಟಿಂಗ್ ನೋಡಿ. ಎಚ್‌ಡಿಎಂಐ ಎಆರ್‌ಸಿ (ಟಿವಿಯ ಸದ್ದನ್ನು ರಿಸೀವರ್‌ಗೆ ಕಳಿಸುವ ಕೇಬಲ್ ಸಂಪರ್ಕ) ಮೂಲಕ ಸಂಪರ್ಕಿಸಿದ್ದಾಗ ಆ ಸೆಟ್ಟಿಂಗ್ ‘ಪಿಸಿಎಂ’ನಲ್ಲಿದ್ದರೆ ರಿಸೀವರ್‌ಗೆ ಎರಡೇ ಚಾನೆಲ್ ತಲುಪುತ್ತದೆ. ‘ಬಿಟ್‌ಸ್ಟ್ರೀಮ್’ ಅಥವಾ ‘ಪಾಸ್‌ಥ್ರೂ’ಗೆ ಬದಲಿಸಿ.