ಪಂಪ್ ಬದಲಿಸದೆ ಹಳೇ ಸ್ಕಿಡ್ ಸ್ಟೀರ್ ಲೋಡರ್ ಸರಿ ಮಾಡಿದೆ: ನನ್ನ ಅನುಭವ

ನನ್ನ ಸ್ಕಿಡ್ ಸ್ಟೀರ್ (ಎರಡು ಲಿವರ್‌ನಿಂದ ಎಡ-ಬಲ ಚಕ್ರ ಬೇರೆ ಬೇರೆ ಓಡಿಸುವ, ಮಣ್ಣು ಎತ್ತುವ ಚಿಕ್ಕ ಗಾಡಿ) ಈಗ ಬಿಸಿಯಾದ ಮೇಲೂ ಬಕೆಟ್ ತುಂಬ ಮಣ್ಣು ಹೊತ್ತು ಏರು ಹತ್ತುತ್ತಿದೆ. ಪಂಪ್ ಹಳೆಯದೇ. ಎಣ್ಣೆಯ ಒತ್ತಡದಿಂದ ಎರಡೂ ಕಡೆಯ ಚಕ್ರ ಓಡಿಸುವ ಜೋಡಿ ಪಂಪ್ ಇದು, ಟ್ಯಾಂಡಮ್ ಪಂಪ್ ಅಂತಾರೆ. ನೋಡಿದವರೆಲ್ಲ "ಟ್ಯಾಂಡಮ್ ಪಂಪ್ ಸತ್ತಿದೆ, ಹೊಸದು ಹಾಕಿ, ಇಲ್ಲಾಂದ್ರೆ ಗುಜರಿಗೆ ಕೊಡಿ" ಅಂದಿದ್ದರು. ಹೊಸ ಪಂಪ್‌ಗೆ ಹೇಳಿದ ಬೆಲೆ ಎಷ್ಟು ಗೊತ್ತಾ? ನಾನು ಇಡೀ ಮೆಷಿನ್ ಕೊಂಡ ದುಡ್ಡಿನ ಮೂರನೇ ಒಂದು ಪಾಲಿಗೂ ಜಾಸ್ತಿ. ಅದಕ್ಕೇ ನನಗೆ ಹಟ ಬಂತು.

ಮೀಟರ್ 4000 ಗಂಟೆ ಚಿಲ್ಲರೆ ತೋರಿಸುತ್ತಿತ್ತು. ಹಳೇ ಗಾಡಿಯ ಮೀಟರನ್ನು ನಾನು ನಂಬುವುದಿಲ್ಲ. ಪೆಡಲ್ ಎಷ್ಟು ಸವೆದಿದೆ, ಬಕೆಟ್ ಪಿನ್ ಎಷ್ಟು ಅಲುಗುತ್ತದೆ ಅಂತ ನೋಡುತ್ತೇನೆ. ತೊಂದರೆ ಏನಂದರೆ, ತಣ್ಣಗಿರುವಾಗ ಚೆನ್ನಾಗಿ ಓಡುತ್ತಿತ್ತು. ಮುಕ್ಕಾಲು ಗಂಟೆ ಕೆಲಸ ಆಯಿತೋ, ಎರಡೂ ಕಡೆ ಬಲ ಕುಸಿಯುತ್ತಿತ್ತು. ಎಡಗಡೆ ಇನ್ನೂ ಜಾಸ್ತಿ. ಎರಡೂ ಲಿವರ್ ಸಮ ಒತ್ತಿದರೂ ಗಾಡಿ ಎಡಕ್ಕೇ ಎಳೆಯುತ್ತಿತ್ತು.

ಮೊದಲು ಖರ್ಚಿಲ್ಲದ ಕೆಲಸಗಳು. ನಾಲ್ಕೂ ಟೈರಿನ ಗಾಳಿ ಸಮ ಮಾಡಿದೆ, ಸುತ್ತಳತೆ ಅಳೆದೆ. ಲಿವರ್ ಲಿಂಕೇಜ್ ನೋಡಿದೆ. ಗಾಡಿಯನ್ನು ದಿಮ್ಮಿಗಳ ಮೇಲೆ ನಿಲ್ಲಿಸಿ, ಚೈನ್ ಎಲ್ಲಾದರೂ ಹಿಡಿಯುತ್ತಿದೆಯಾ ಅಂತ ಪರೀಕ್ಷಿಸಿದೆ. ಎಲ್ಲ ಸರಿ ಇತ್ತು. ಕೆಳಗಿನ ಬೆಲ್ಲಿ ಪ್ಯಾನ್ ಬಿಚ್ಚಿದಾಗ ಎಣ್ಣೆಯಲ್ಲಿ ನೆಂದ ಮಣ್ಣು, ಒಣಗಿದ ಎಲೆ ಎರಡು ಮೂರು ಬುಟ್ಟಿ ಬಂತು. ಬೆಂಕಿ ಹತ್ತುವುದಕ್ಕೆ ಅಷ್ಟೇ ಸಾಕು. ಆಯಿಲ್ ಕೂಲರ್ ಮತ್ತು ರೇಡಿಯೇಟರ್ ನಡುವೆ ಧೂಳು ಗೋಡೆ ಕಟ್ಟಿತ್ತು. ಎರಡನ್ನೂ ಬೇರೆ ಮಾಡಿ, ಗಾಳಿ ಒಳಗೆ ಬರುವ ದಿಕ್ಕಿಗೆ ಎದುರಾಗಿ ಊದಿದೆ. ಆಯಿಲ್ ಬಿಸಿ ಸುಮಾರು 10 ಡಿಗ್ರಿ ಇಳಿಯಿತು. ಬಲ ಮಾತ್ರ ಬರಲಿಲ್ಲ.

ಪಂಪ್ ಹೋಗಿಲ್ಲ ಅನ್ನುವ ನಂಬಿಕೆ ನನಗೆ ಬಂದದ್ದು ಹೈಡ್ರಾಲಿಕ್ ಫಿಲ್ಟರ್‌ನಿಂದ. ಅದನ್ನು ಬಿಚ್ಚಿ ಸುಮ್ನೆ ಎಸೆಯಬೇಡಿ, ಕತ್ತರಿಸಿ ನೋಡಿ. ಗರಗಸ ಬೇಡ, ಅದರ ಪುಡಿಯೇ ಒಳಗೆ ಬಿದ್ದು ಲೆಕ್ಕ ತಪ್ಪುತ್ತದೆ. ಪೈಪ್ ಕಟರ್ ತರಹ ಸುತ್ತಿ ಕತ್ತರಿಸುವ ಸಾಧನ ಬೇಕು. ಪೇಪರ್ ಮಡಿಕೆ ಬಿಡಿಸಿ, ಎಣ್ಣೆ ಹಿಂಡಿ, ಮ್ಯಾಗ್ನೆಟ್ ಆಡಿಸಿದೆ. ಸ್ವಲ್ಪ ಕಬ್ಬಿಣದ ಪುಡಿ ಅಂಟಿತು. ಹಿತ್ತಾಳೆ ಬಣ್ಣದ ಚೂರು ಹೆಚ್ಚುಕಡಿಮೆ ಇರಲೇ ಇಲ್ಲ. ಪಿಸ್ಟನ್ ಪಂಪ್ ನಿಜವಾಗಿ ತಿಂದುಹೋಗಿದ್ದರೆ ಆ ಹೊಳಪು ಕಣ್ಣಿಗೆ ಹೊಡೆಯಬೇಕಿತ್ತು. ಇದನ್ನು ತೋರಿಸಿದರೂ ಮೆಕ್ಯಾನಿಕ್ ತಲೆ ಅಲ್ಲಾಡಿಸಿದ. ನಾನು ಮುಂದುವರಿದೆ.

ಮಧ್ಯೆ ಒಂದು ಪ್ರಯೋಗ ಮಾಡಿದೆ. 46 ಗ್ರೇಡ್ ಆಯಿಲ್ ತೆಗೆದು 68 ಹಾಕಿದೆ (ಅಂಕಿ ಹೆಚ್ಚಾದಷ್ಟೂ ಎಣ್ಣೆ ದಪ್ಪ). ಬಿಸಿಯಲ್ಲಿ ಸ್ವಲ್ಪ ಬಲ ಬಂದದ್ದು ನಿಜ. ಆದರೆ ತಣ್ಣಗಿರುವಾಗ ಪಂಪ್ ಊಳಿಡತೊಡಗಿತು. ಮತ್ತೆ 46ಕ್ಕೇ ಬಂದೆ. ಎರಡು ಸಲ ಆಯಿಲ್ ತುಂಬಿದ ದುಡ್ಡಿನಲ್ಲಿ ಒಳ್ಳೆ ಬ್ಯಾಟರಿ ಬರುತ್ತಿತ್ತು. ಆದರೆ ಆ ಊಳು ಒಂದು ಸುಳಿವು ಕೊಟ್ಟಿತು. ಪಂಪ್‌ಗೆ ಬರುವ ದಾರಿಯಲ್ಲೇ ಏನೋ ಇದೆ ಅಂತ ಅನಿಸಿತು. ಕೆಲಸ ನಿಲ್ಲಿಸಿದ ತಕ್ಷಣ ಟ್ಯಾಂಕ್ ಮುಚ್ಚಳ ತೆಗೆದು ನೋಡಿದೆ. ನೊರೆ! ಹಾಲಿನಂತೆ ಬೆಳ್ಳಗಿದ್ದು ಹಾಗೇ ಉಳಿದರೆ ನೀರು ಸೇರಿದೆ. ಸ್ವಲ್ಪ ಹೊತ್ತಿಗೆ ನೊರೆ ಇಳಿದು ಎಣ್ಣೆ ತಿಳಿಯಾದರೆ ಗಾಳಿ ಸೇರಿದೆ. ನನ್ನದು ಎರಡನೆಯದು.

ಟ್ಯಾಂಕಿನಿಂದ ಪಂಪ್‌ಗೆ ಎಣ್ಣೆ ಎಳೆಯುವ ಸಕ್ಷನ್ ಪೈಪಿನ ಒಂದೊಂದು ಜಾಯಿಂಟಿಗೂ ದಪ್ಪಗೆ ಗ್ರೀಸ್ ಬಳಿಯುತ್ತಾ ಕಿವಿಗೊಟ್ಟೆ. ಕ್ಯಾಬ್ ಎತ್ತಿದ್ದೆ, ತೋಳುಗಳಿಗೆ ಲಾಕ್ ಹಾಕಿದ್ದೆ. ಎತ್ತಿದ ತೋಳಿನ ಕೆಳಗೆ ಲಾಕ್ ಇಲ್ಲದೆ ತಲೆ ಹಾಕುವವರ ಹತ್ತಿರ ನಾನು ಕೆಲಸ ಮಾಡುವುದಿಲ್ಲ. ಟ್ಯಾಂಕ್ ಕಡೆಯ ಕ್ಲಾಂಪಿಗೆ ಗ್ರೀಸ್ ಹಚ್ಚಿದಾಗ ಪಂಪಿನ ಶಬ್ದ ಬದಲಾಯಿತು. ಸಕ್ಷನ್‌ನಲ್ಲಿ ಎಣ್ಣೆ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪೈಪ್ ಕಲ್ಲಿನಂತೆ ಗಟ್ಟಿಯಾಗಿತ್ತು. ಹೊಸ ಸಕ್ಷನ್ ಪೈಪ್, ಅಗಲದ ಕ್ಲಾಂಪ್ ಹಾಕಿದೆ. ಬಿಸಿಯಲ್ಲಿ 90 ಪಿಎಸ್‌ಐಗೆ ಕುಸಿಯುತ್ತಿದ್ದ ಚಾರ್ಜ್ ಪ್ರೆಷರ್ (ಮುಖ್ಯ ಪಂಪ್‌ಗೆ ಎಣ್ಣೆ ತುಂಬಿಸಿಕೊಡುವ ಒತ್ತಡ) 200ರ ಹತ್ತಿರ ನಿಂತಿತು. ಒಂದೊಂದು ಮಾಡೆಲ್‌ಗೂ ಈ ಅಂಕಿ ಬೇರೆ. ನಿಮ್ಮ ಗಾಡಿಯದ್ದನ್ನು ಸರ್ವಿಸ್ ಪುಸ್ತಕದಲ್ಲೇ ನೋಡಿ.

ಬಲಗಡೆ ಚಕ್ರ ಜೀವ ತುಂಬಿಕೊಂಡವು. ಎಡಗಡೆ ಮಾತ್ರ ಹಾಗೇ ಉಳಿಯಿತು. ಅಂದರೆ ಒಂದೇ ಗಾಡಿಯಲ್ಲಿ ಎರಡು ರೋಗ. ಎಲ್ಲರೂ ದಾರಿ ತಪ್ಪಿದ್ದು ಇಲ್ಲೇ.

ಎಡಗಡೆ ಪತ್ತೆಗೆ ಹೋಸ್ ಅದಲು ಬದಲು ಮಾಡಿದೆ. ಎಡ ಪಂಪಿನ ಹೋಸ್ ಜೋಡಿ ಬಲಗಡೆ ಚಕ್ರ ತಿರುಗಿಸುವ ಮೋಟಾರಿಗೆ, ಬಲದ್ದು ಎಡಕ್ಕೆ. ದೋಷ ಪಂಪಿನಲ್ಲಿದ್ದರೆ ಸೋಲುವ ಚಕ್ರ ಬದಲಾಗಬೇಕು. ಮೋಟಾರಿನಲ್ಲಿದ್ದರೆ ಅಲ್ಲೇ ಉಳಿಯಬೇಕು. ಮೊದಲು ದಿಮ್ಮಿಗಳ ಮೇಲೆ ಓಡಿಸಿ ಹೋಸ್ ಒಳಗೆ ಸೇರಿದ ಗಾಳಿ ಹೊರಹಾಕಿ. ಆಮೇಲೆ ಯಾರೂ ಇಲ್ಲದ ಬಯಲಿನಲ್ಲಿ, ಕಡಿಮೆ ವೇಗದಲ್ಲಿ ಮಣ್ಣಿನ ದಿಬ್ಬಕ್ಕೆ ಒತ್ತಿ ನೋಡಿ. ಲಿವರ್ ತಿರುಗಾಮುರುಗಾ ಆಗಿರುತ್ತದೆ, ನೆನಪಿರಲಿ. ಇರುವ ಹೋಸ್ ಅಷ್ಟು ಉದ್ದ ಬರುವುದಿಲ್ಲ. ಅದಕ್ಕೆ ನಾನು ಮಾಡಿಕೊಂಡ ಜೋಡಣೆಯ ಗುಟ್ಟು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಫಲಿತಾಂಶ: ಸೋಲು ಎಡದಲ್ಲೇ ಉಳಿಯಿತು. ಪಂಪ್ ನಿರ್ದೋಷಿ!

ಖಾತ್ರಿಗೆ ಎರಡೂ ಮೋಟಾರಿನ ಕೇಸ್ ಡ್ರೈನ್ ಎಣ್ಣೆ, ಅಂದರೆ ಮೋಟಾರಿನ ಒಳಗೇ ಸೋರಿ ವಾಪಸ್ ಬರುವ ಎಣ್ಣೆ, ಒಂದೊಂದು ನಿಮಿಷ ಹಿಡಿದೆ. ಎಡದ್ದು ಬಲದ್ದರ ನಾಲ್ಕು ಪಟ್ಟು ಬಂತು. ಥರ್ಮಾಮೀಟರ್ ಗನ್‌ನಲ್ಲೂ ಎಡ ಮೋಟಾರ್ 15 ಡಿಗ್ರಿಯಷ್ಟು ಜಾಸ್ತಿ ಬಿಸಿ. ನಿಜ ಹೇಳಬೇಕೆಂದರೆ, ಮೊದಲ ದಿನವೇ ಆ ಗನ್ ಹಿಡಿದರೂ ಅರ್ಧ ಉತ್ತರ ಸಿಗುತ್ತದೆ. ಸೋರುವ ಜಾಗ ಹುಡುಕಲು ಮಾತ್ರ ಕೈ ಹಾಕಬೇಡಿ, ರಟ್ಟು ಹಿಡಿಯಿರಿ. ಸೂಜಿಮೊನೆಯಷ್ಟು ತೂತಿನಿಂದ ಬಂದ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ಆಗಲೇ ಆಸ್ಪತ್ರೆಗೆ ಓಡಬೇಕು.

ಮೋಟಾರ್ ಬಿಚ್ಚಿ ಸವೆದ ಭಾಗ, ಸೀಲ್ ಕಿಟ್ ಹಾಕಿಸಿದೆ. ಸಕ್ಷನ್ ಪೈಪ್, ಆಯಿಲ್, ಫಿಲ್ಟರ್ ಎಲ್ಲ ಸೇರಿಸಿದರೂ ಖರ್ಚು ಹೊಸ ಪಂಪಿನ ಬೆಲೆಯಲ್ಲಿ ಐದನೇ ಒಂದು ಭಾಗ ದಾಟಲಿಲ್ಲ. ತಲೆ ಅಲ್ಲಾಡಿಸಿದ್ದ ಮೆಕ್ಯಾನಿಕ್ ಈಗ ಹೋಸ್ ಜೋಡಣೆ ತೋರಿಸಿ ಅಂತ ಕೇಳುತ್ತಿದ್ದಾನೆ.

ಇನ್ನೊಂದು ವಿಷಯ. ಹಿಂದಿನ ಮಾಲೀಕರು ಸೀಟ್ ಸ್ವಿಚ್‌ನ (ಸೀಟಿನಲ್ಲಿ ಯಾರೂ ಇಲ್ಲದಾಗ ಗಾಡಿ ಓಡದಂತೆ ತಡೆಯುವ ಸ್ವಿಚ್) ತಂತಿಗಳನ್ನು ನೇರ ಸೇರಿಸಿಬಿಟ್ಟಿದ್ದರು. ಅದನ್ನು ಬಿಚ್ಚಿ, ಕನೆಕ್ಟರಿನ ಕಿಲುಬು ತೆಗೆದೆ. ಸ್ವಿಚ್ ಸರಿಯಾಗೇ ಇತ್ತು! ಹಳೇ ಗಾಡಿ ಕೊಂಡವರು ಇದನ್ನು ಮೊದಲು ನೋಡಿ. ನನಗೆ ಇನ್ನು ಬಾಕಿ ಇರುವುದು ಬಕೆಟ್ ಪಿನ್‌ಗಳ ಬುಷ್. ಅಲ್ಲಿಯವರೆಗೆ ದಿನಾ ಕೆಲಸ ಮುಗಿದ ತಕ್ಷಣ, ಪಿನ್ ಇನ್ನೂ ಬಿಸಿ ಇರುವಾಗಲೇ ಗ್ರೀಸ್ ಹೊಡೆಯುತ್ತಿದ್ದೇನೆ. ಹಳೇ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ.