ಹಾನಿ ಪಾಲಿಶಿನದೋ, ಮರದ್ದೋ: ಮೇಜಿನ ಹಲಗೆಯನ್ನು ನಾನು ಸರಿಪಡಿಸಿದ ಬಗೆ

ನಮ್ಮ ಊಟದ ಮೇಜಿನ ಮೇಲೆ ಬಿಸಿ ಪಾತ್ರೆಗಳಿಟ್ಟು ಆದ ಬಿಳಿ ವೃತ್ತಗಳು, ಒಂದು ಮೂಲೆಯಲ್ಲಿ ಕಪ್ಪು ಕಲೆ, ಭಾರವಾದ ವಸ್ತು ಬಿದ್ದು ಉಂಟಾದ ತಗ್ಗು ಮತ್ತು ಹಲವು ಗೀರುಗಳಿದ್ದವು. ಇಡೀ ಹಲಗೆಯನ್ನು ಉಜ್ಜಿ ಮತ್ತೆ ಪಾಲಿಶ್ ಮಾಡುವುದು ನನಗೆ ಇಷ್ಟವಿರಲಿಲ್ಲ. ಪಾಲಿಶಿನ ಪದರದಲ್ಲಷ್ಟೇ ಇರುವ ಹಾನಿಗೆ ಮರವನ್ನು ಕೆರೆಯುವ ಅಗತ್ಯವೇ ಇಲ್ಲ. ಆದ್ದರಿಂದ ಪ್ರತಿಯೊಂದು ಹಾನಿಯೂ ಎಲ್ಲಿಯವರೆಗೆ ಇಳಿದಿದೆ ಎಂಬುದನ್ನು ಮೊದಲು ನೋಡಿದೆ.

ಹಲಗೆಯ ಅಡಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಹತ್ತಿಯಿಂದ ಸ್ಪಿರಿಟ್ ಒತ್ತಿದಾಗ ಮೇಲ್ಪದರ ಅಂಟಂಟಾಯಿತು. ಅದು ಅರಗಿನ ಪಾಲಿಶ್ ಎಂಬುದು ಇದರಿಂದ ಖಚಿತವಾಯಿತು. ಸ್ಪಿರಿಟ್‌ಗೆ ಕರಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್ ಎಂಬ ಬೇರೆ ಬಗೆಯ ಲೇಪ ಇರಬಹುದು. ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ ಬಗೆಯ ಲೇಪ ಇವೆರಡಕ್ಕೂ ಸುಲಭವಾಗಿ ಬಗ್ಗುವುದಿಲ್ಲ.

ಆವಿ ತಗುಲಿದರೆ ಅರಗಿನ ಪದರ ಬಿಳಿಚುವುದರಿಂದ, ವೃತ್ತಗಳನ್ನು ಬಿಟ್ಟು ತಗ್ಗಿನ ಕೆಲಸವನ್ನೇ ಮೊದಲು ಕೈಗೆತ್ತಿಕೊಂಡೆ. ಪೆಟ್ಟು ಬಿದ್ದಾಗ ಮರದ ನಾರುಗಳು ತುಂಡಾಗದೆ ಬರೀ ಅದುಮಿಕೊಂಡಿದ್ದರೆ, ನೀರು ಮತ್ತು ಬಿಸಿ ಸೇರಿ ಅವನ್ನು ಮತ್ತೆ ಉಬ್ಬಿಸುತ್ತವೆ. ನೀರು ಒಳಗಿಳಿಯಲೆಂದು ಆ ಜಾಗದ ಪಾಲಿಶನ್ನಷ್ಟೇ ತೆಗೆದು, ನೀರು ಹನಿಸಿ ಸ್ವಲ್ಪ ಹೊತ್ತು ಬಿಟ್ಟೆ. ಬಳಿಕ ಮಡಿಸಿದ ಒದ್ದೆ ಹತ್ತಿಬಟ್ಟೆಯನ್ನು ಹಾಕಿ, ಇಸ್ತ್ರಿಪೆಟ್ಟಿಗೆಯ ತುದಿಯನ್ನು ಕೆಲವು ಕ್ಷಣಗಳಷ್ಟೇ ಒತ್ತಿ, ಎತ್ತಿ, ನೋಡಿ, ಮತ್ತೆ ಒತ್ತುತ್ತಾ ಹೋದೆ. ತಗ್ಗು ನಿಧಾನವಾಗಿ ಮೇಲೆದ್ದು ಹಲಗೆಯ ಮಟ್ಟಕ್ಕೆ ಬಂದಿತು. ಇಡೀ ದುರಸ್ತಿಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಭಾಗವಿದು. ಆದರೆ ಒಳಗೂ ಹೊರಗೂ ಒಂದೇ ಮರವಿರುವ ಹಲಗೆಗೆ ಮಾತ್ರ ಇದನ್ನು ಮಾಡಬೇಕು, ಏಕೆಂದರೆ ವಿನಿಯರ್ (ಮರದ ತೆಳು ಹಾಳೆ) ಅಂಟಿಸಿದ ಹಲಗೆಯಲ್ಲಿ ಆವಿಯಿಂದ ಅಂಟು ಬಿಟ್ಟುಕೊಳ್ಳಬಹುದು. ನಾರು ಕಡಿದು ಆದ ಆಳದ ಗೀರು ಹೀಗೆ ಏಳುವುದಿಲ್ಲ. ಅದನ್ನು ಬಣ್ಣದ ಮೇಣದ ಕಡ್ಡಿಯಿಂದ ತುಂಬಿಸಬೇಕು.

ಕಪ್ಪು ಕಲೆ ಮರದೊಳಗಿನದು. ಮರದಲ್ಲಿ ಸಹಜವಾಗಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಕಬ್ಬಿಣ ಮತ್ತು ತೇವದೊಡನೆ ಸೇರಿದಾಗ ಇಂತಹ ಕಲೆಯಾಗುತ್ತದೆ. ಪಾಲಿಶ್ ತೆಗೆದ ಜಾಗಕ್ಕೆ, ಬಿಸಿನೀರಿನಲ್ಲಿ ಕರಗಿಸಿದ ಆಕ್ಸಾಲಿಕ್ ಆಮ್ಲವನ್ನು ಕೈಗವಸು ತೊಟ್ಟು ಹಚ್ಚಿದೆ. ಕಲೆ ಮಾಸಿದ ಮೇಲೆ ಶುದ್ಧ ನೀರಿನಿಂದ ಹಲವು ಬಾರಿ ಒರೆಸಿದೆ. ಈ ಆಮ್ಲ ವಿಷಕಾರಿಯಾದ್ದರಿಂದ, ಒಣಗಿ ಉಳಿದ ಹರಳುಗಳನ್ನು ಉಜ್ಜಿ ಧೂಳೆಬ್ಬಿಸಬಾರದು.

ಮರ ಪೂರ್ತಿ ಒಣಗಿದ ಬಳಿಕ, 240ರ ಮತ್ತು ನಂತರ ಇನ್ನೂ ನುಣುಪಾದ 320ರ ಉಪ್ಪು ಕಾಗದದಿಂದ ಮರದ ಎಳೆಯ ದಿಕ್ಕಿನಲ್ಲೇ ಹಗುರವಾಗಿ ಉಜ್ಜಿದೆ. ಪಾಲಿಶಾದ ಮೇಲೆ ಬರಿ ಮರ ಯಾವ ಬಣ್ಣ ತಾಳುತ್ತದೆಂಬುದು ಅದನ್ನು ಸ್ಪಿರಿಟ್‌ನಿಂದ ಒದ್ದೆ ಮಾಡಿದರೆ ಹೆಚ್ಚುಕಡಿಮೆ ಕಾಣುತ್ತದೆ. ಗೀರು ತುಂಬುವ ಮೇಣದ ಕಡ್ಡಿಯ ಬಣ್ಣವನ್ನು ಆ ಹೊತ್ತಿನಲ್ಲೇ ಹೊಂದಿಸಿ ಆರಿಸಿದೆ. ನಂತರ ತೆಳುವಾದ ಅರಗಿನ ಪಾಲಿಶನ್ನು ಪದರ ಪದರವಾಗಿ, ಅಂಚುಗಳು ಹಳೆಯದರಲ್ಲಿ ಬೆರೆಯುವಂತೆ ಹಚ್ಚಿದೆ.

ಬಿಳಿ ವೃತ್ತಗಳು ಪಾಲಿಶಿನೊಳಗೆ ಸಿಕ್ಕಿದ ತೇವವಷ್ಟೇ. ಸ್ಪಿರಿಟ್ ಸೋಕಿಸಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಎಲ್ಲಿಯೂ ನಿಲ್ಲಿಸದೆ ಸವರಿದಾಗ ಅವು ಮಾಯವಾದವು. ಹೊಸ ಪದರ ಗಟ್ಟಿಯಾದ ಮೇಲೆಯೇ ಮೇಣ ಹಚ್ಚಿದೆ. ಅರಗು ಬಿಸಿಯನ್ನು ತಡೆಯಲಾರದ ಕಾರಣ ಈಗ ಪಾತ್ರೆಗಳ ಅಡಿಗೆ ದಪ್ಪ ಬಟ್ಟೆ ಹಾಸುತ್ತೇವೆ.